ಇಪ್ಪತ್ತಾರು ರುಜುಗಳ ಏಪ್ರನ್

ನೆಲ್ಡಾ ಪ್ರೂಯಿಟ್ ನಮ್ಮ ಕಾಲೇಜಿಗೆ ಬಂದದ್ದು ಐವತ್ತೆಂಟನೆಯ ಇಸವಿಯಲ್ಲಿ. ಅವಳ ಅಪ್ಪ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಅವಳು ಓದುವುದರ ಜೊತೆಗೆ ಊಟದ ಹಾಲ್‌ನಲ್ಲಿ ಬಡಿಸುತ್ತಿದ್ದಳು. ನಾನು ಆ ಹಾಲ್‌ನ ಹಿಂದಿನ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಟೆಕ್ಸಾಸಿನ ಈ ಬಯಲಿನಲ್ಲಿ ಮಧ್ಯಾಹ್ನವಾದರೆ ಕೆಂಪು ಧೂಳು ಏಳುತ್ತದೆ. ಬೆಳಿಗ್ಗೆಯೇ ದುಪ್ಪಟಿಗಳನ್ನು ಒಣಗಿಸಿ ಒಳಗೆ ತರಬೇಕು. ಪಾಠವಿಲ್ಲದ ಹೊತ್ತಿನಲ್ಲಿ ಅವಳು ಬಂದು ಇನ್ನೊಂದು ತುದಿ ಹಿಡಿದು ಮಡಿಸುತ್ತಿದ್ದಳು. ಅವಳು ಮಡಿಸಿದರೆ ಅಂಚಿಗೆ ಅಂಚು ಸರಿಯಾಗಿ ಕೂರುತ್ತಿತ್ತು.

ಹುಡುಗಿಯರಿಗೆ ಆಗ ಐದು ಕ್ಲಬ್ಬುಗಳಿದ್ದವು. ನೆಲ್ಡಾಳಿಗೆ ಬೇಕಿದ್ದದ್ದು ವಿಲೋ ಕ್ಲಬ್ಬು ಒಂದೇ. ಭಾನುವಾರ ಚರ್ಚಿನಿಂದ ಬರುವಾಗ ವಿಲೋ ಹುಡುಗಿಯರು ತೋಳಿಗೆ ತೋಳು ಸೇರಿಸಿಕೊಂಡು, ಒಂದೇ ಸಾಲಾಗಿ, ಹಾಡುತ್ತ ನಡೆಯುತ್ತಿದ್ದರು. ಲಾಂಡ್ರಿಯ ಕಿಟಕಿಯಿಂದ ಆ ಸಾಲು ಕಾಣುತ್ತಿತ್ತು.

"ಮಿಸ್ ಓರಾ, ನಮ್ಮನೇಲಿ ನಾನೊಬ್ಬಳೇ ಹೆಣ್ಣು. ಅಮ್ಮ ಹೋದ ಮೇಲೆ ಯಾರೂ ನನ್ನ ಕೈ ಹಿಡ್ಕೊಂಡು ನಡೆದಿಲ್ಲ," ಎಂದು ಒಮ್ಮೆ ಹೇಳಿದಳು. ಆಮೇಲೆ ತಾನೇ ನಕ್ಕಳು. "ಅಣ್ಣಂದಿರು ಹಿಡೀತಿದ್ರು, ತಿರುಚೋಕೆ!"

ಅಕ್ಟೋಬರಿನಲ್ಲಿ ಅವಳಿಗೆ ವಿಲೋದಿಂದ ಕರೆ ಬಂತು. ಆದರೆ ಸೇರುವ ಮುಂಚೆ ಒಂದು ವಾರದ ಪರೀಕ್ಷೆ ದಾಟಬೇಕು. ಸೋಮವಾರ ಹೊಸಬರಿಗೆಲ್ಲ ಬಿಳಿ ಏಪ್ರನ್ ಕೊಡುತ್ತಾರೆ. ಹಳಬರು ಇಪ್ಪತ್ತಾರು ಜನ. ಒಬ್ಬೊಬ್ಬರೂ ಹೇಳಿದ ಕೆಲಸ ಮಾಡಿ, ಒಬ್ಬೊಬ್ಬರ ಕೈಯಿಂದಲೂ ಏಪ್ರನ್ನಿನ ಮೇಲೆ ಶಾಯಿಯಲ್ಲಿ ರುಜು ಹಾಕಿಸಿಕೊಳ್ಳಬೇಕು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಕಡಿಮೆಯಾದರೂ ಸೇರಿಸಿಕೊಳ್ಳುವುದಿಲ್ಲ. ಈ ರುಜುವಿನ ವಿಷಯವೆಲ್ಲ ನನಗೆ ತಿಳಿದದ್ದು ಆಮೇಲೆ.

ಆ ವಾರ ಪೂರ್ತಿ ನನಗೆ ಕಿಟಕಿಯಲ್ಲಿ ತಮಾಷೆಯೋ ತಮಾಷೆ. ನೆಲ್ಡಾ ಬಾತುಕೋಳಿಯ ಹಾಗೆ ಕುಕ್ಕರುಗಾಲಿನಲ್ಲಿ ಲೈಬ್ರರಿಯವರೆಗೆ ಹೋದಳು. ಬಾವುಟದ ಕಂಬವನ್ನು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದಳು.

"ಏನಂತೆ ಕಂಬ? ಒಪ್ತಂತಾ?" ಎಂದು ಮಾರ್ಲೀನ್ ಸ್ಟೋವಲ್ ಕೂಗಿದಳು. ಅವಳು ವಿಲೋದ ಅಧ್ಯಕ್ಷೆ.

"ಅಪ್ಪನ್ನ ಕೇಳ್ಬೇಕಂತೆ ಅಕ್ಕ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾರ್ಲೀನ್ ಅಲ್ಲೇ ರುಜು ಹಾಕಿದಳು. ಗುರುವಾರದ ಹೊತ್ತಿಗೆ ಇಪ್ಪತ್ತೈದು ಆಗಿದ್ದವು.

ಗುರುವಾರ ನಾನು ಅಡುಗೆಮನೆಯ ಕೊಳೆ ಏಪ್ರನ್‌ಗಳನ್ನು ತರುವ ದಿನ. ಬಡಿಸುವಾಗ ಊಟದ ಹಾಲ್‌ನವರು ಕೊಟ್ಟ ಏಪ್ರನ್ನನ್ನೇ ಕಟ್ಟಬೇಕೆಂಬುದು ಮೇಲ್ವಿಚಾರಕಿಯ ಕಟ್ಟಪ್ಪಣೆ. ನೆಲ್ಡಾ ತನ್ನದನ್ನು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದಳು. ನಾನು ಎಲ್ಲದರ ಜೊತೆ ಅದನ್ನೂ ಬಾಚಿ ತಂದೆ. ಅಚ್ಚಿನ ಅಕ್ಷರವನ್ನು ನಾನು ಕೂಡಿಸಿಕೊಂಡು ಓದಬಲ್ಲೆ. ಕೈಬರಹ ನನಗೆ ಬಾರದು. ಅದರಲ್ಲೂ ಆ ಹುಡುಗಿಯರ ರುಜು ಸುರುಳಿ ಸುರುಳಿ, ಮೇಲೊಂದಿಷ್ಟು ಗ್ರೇವಿ ಬೇರೆ ಚೆಲ್ಲಿತ್ತು. ಯಾರೋ ಪೆನ್ನು ಒರೆಸಿದ್ದಾರೆ ಎಂದುಕೊಂಡೆ. ನಿಂಬೆರಸ ಹಿಂಡಿ, ಉಪ್ಪು ಉಜ್ಜಿ, ಬಿಸಿಲಿಗೆ ಹಿಡಿದು, ಒಂದೊಂದೇ ಕಲೆ ತೆಗೆದೆ. ಬೇರೆಯವರಾಗಿದ್ದರೆ ಹಾಗೇ ಬಿಡುತ್ತಿದ್ದರು. ನಾನು ಬಿಡಲಿಲ್ಲ. ಕುದಿಸಿ, ನೀಲಿಯಲ್ಲಿ ಅದ್ದಿ, ಗಂಜಿ ಹಾಕಿ ಇಸ್ತ್ರಿ ಮಾಡಿದೆ.

ನೆಲ್ಡಾ ಓಡಿ ಬಂದಾಗ ಅದು ಹಾಲಿನಷ್ಟು ಬೆಳ್ಳಗಿತ್ತು. ಅವಳು ಎರಡೂ ಬದಿ ತಿರುಗಿಸಿ ನೋಡಿದಳು.

"ಮಿಸ್ ಓರಾ, ಇದ್ರಲ್ಲಿ ಹೆಸರುಗಳಿದ್ವು."

ನಾನು ಅದನ್ನು ಅವಳ ಕೈಯಿಂದ ಕಸಿದು ಬೆಳಕಿಗೆ ಹಿಡಿದೆ. "ಅಯ್ಯೋ ಮಗಾ, ನಾನು ಕಲೆ ಅಂದ್ಕೊಂಡೆನಲ್ಲೇ!"

ಅವಳು ಬಯ್ಯಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದಳು. ಶುಕ್ರವಾರ ಸಂಜೆಗೆ ಹತ್ತೊಂಬತ್ತಾದವು. ಉಳಿದವರು ರಜೆಗೆ ಊರಿಗೆ ಹೋಗಿಬಿಟ್ಟಿದ್ದರು.

ಶನಿವಾರ ಹನ್ನೊಂದಕ್ಕೆ ನಾನು ದುಪ್ಪಟಿಯ ಬುಟ್ಟಿ ಹೊತ್ತು ಹಾಸ್ಟೆಲಿನ ಓಣಿಯಲ್ಲಿದ್ದೆ. ಕ್ಲಬ್ಬಿನ ಕೋಣೆಯ ಬಾಗಿಲು ತೆರೆದೇ ಇತ್ತು. ಮಾರ್ಲೀನ್ ಕೆಟ್ಟ ಹುಡುಗಿಯಲ್ಲ. ನೆಲ್ಡಾಳನ್ನು ಎದುರಿಗೆ ಕೂರಿಸಿಕೊಂಡು ಅವಳಿಗೊಂದು ದಾರಿ ಹುಡುಕುತ್ತಿದ್ದಳು.

"ಹೊರಗಿನವರು ಹಾಳು ಮಾಡಿದ್ರೆ ಇನ್ನೊಂದು ವಾರ ಕೊಡ್ಬಹುದು ಕಣೇ, ನಿಯಮ ಇದೆ. ಡೀನ್ ಮೇಡಂಗೆ ಒಂದು ದೂರು ಬರೆದ್ರಾಯ್ತು. ಲಾಂಡ್ರಿಯವ್ರು ತಾನೆ ಒಗೆದಿದ್ದು?"

ಹಿಂದಿನ ಮಾರ್ಚಿನಲ್ಲಿ ನಾನು ಕಾಲೇಜಿನ ಹಾಡುವ ತಂಡದವರ ನಿಲುವಂಗಿಯೊಂದನ್ನು ಇಸ್ತ್ರಿಯಲ್ಲಿ ಸುಟ್ಟಿದ್ದೆ. ಇನ್ನೊಂದು ದೂರು ಬಂದರೆ ಕೆಲಸವಿಲ್ಲ ಎಂದಿದ್ದರು. ನಮ್ಮ ಯಜಮಾನರು ಆಗ ಬೆನ್ನು ಮುರಿದುಕೊಂಡು ಮಲಗಿದ್ದರು. ಇದೆಲ್ಲ ನೆಲ್ಡಾಳಿಗೆ ಗೊತ್ತಿತ್ತು.

"ಅಲ್ಲ ಅಕ್ಕ, ನಾನೇ ಒಗೆದೆ," ಎಂದಳು.

"ನೀನಾ? ತಲೆ ಕೆಟ್ಟಿತ್ತಾ ನಿಂಗೆ?"

"ಗ್ರೇವಿ ಚೆಲ್ಲಿತ್ತು. ಚೊಕ್ಕ ಮಾಡಣ ಅಂತ."

ಮಾರ್ಲೀನ್, "ಹಾಗಾದ್ರೆ ನನ್ನ ಕೈಲೇನಿಲ್ಲ ಕಣೇ," ಎಂದಳು.

ನಾನು ಬಾಗಿಲ ಹೊರಗೇ ಇದ್ದೆ. ಒಳಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬುಟ್ಟಿಯನ್ನು ಸೊಂಟದ ಇನ್ನೊಂದು ಬದಿಗೆ ಹಾಕಿಕೊಂಡು ಮೆಟ್ಟಿಲಿಳಿದೆ.

ಒಂದು ಸಲ ಕೈಬಿಟ್ಟವರನ್ನು ವಿಲೋ ಮತ್ತೆ ಕರೆಯುತ್ತಿರಲಿಲ್ಲ. ನೆಲ್ಡಾ ನಾಲ್ಕು ವರ್ಷವೂ ದುಪ್ಪಟಿ ಮಡಿಸಲು ಬಂದಳು. ಭಾನುವಾರ ಹಾಡು ಕೇಳಿಸಿದರೆ ತುದಿ ಹಿಡಿದ ಅವಳ ಕೈ ನಿಂತುಬಿಡುತ್ತಿತ್ತು. ಸಾಲು ತಿರುವು ದಾಟುವವರೆಗೂ ನಾನೂ ಎಳೆಯುತ್ತಿರಲಿಲ್ಲ.

ಮುಂದೆ ಅವಳು ನಲವತ್ತು ಮೈಲಿ ಆಚೆಯ ಊರಿನಲ್ಲಿ ಮೇಷ್ಟ್ರಮ್ಮನಾದಳು. ಮದುವೆಯಾಗಿ ಮೂರು ಗಂಡುಮಕ್ಕಳನ್ನು ಹೆತ್ತಳು. ನನಗೆ ಕಾಗದವನ್ನು ಅಚ್ಚಿನ ಅಕ್ಷರದಲ್ಲೇ ಬಿಡಿಬಿಡಿಯಾಗಿ ಬರೆಯುತ್ತಿದ್ದಳು. ಕೊನೆಯಲ್ಲಿ ಪ್ರತಿಸಲವೂ ಒಂದೇ ಪ್ರಶ್ನೆ: ಈ ವರ್ಷ ವಿಲೋಗೆ ಎಷ್ಟು ಜನ ಸೇರಿದರು?

ಎಂಬತ್ತೊಂಬತ್ತನೆಯ ಇಸವಿಯಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಬಂದಳು. ಕೆಲಸ ಮಾಡಿ ನಿವೃತ್ತರಾದವರನ್ನೂ ಆ ವರ್ಷ ತಿಂಡಿಗೆ ಕರೆದಿದ್ದರು. ನಮಗೆ ಗೋಡೆಯ ಪಕ್ಕದ ಮೇಜು. ವಿಲೋದ ಮೇಜು ನಟ್ಟನಡುವೆ. ತಲೆ ನರೆತವರು ಅಲ್ಲಿ ತೋಳಿಗೆ ತೋಳು ಸೇರಿಸಿ ಕೂತಿದ್ದರು.

ಬಾಗಿಲಲ್ಲಿದ್ದ ಹುಡುಗಿ ಪಟ್ಟಿ ಹಿಡಿದು, "ನೀವು ಯಾವ ಕ್ಲಬ್ಬಮ್ಮಾ?" ಎಂದು ಕೇಳಿದಳು.

ನೆಲ್ಡಾ ನಡುವಿನ ಮೇಜಿನ ಕಡೆ ನೋಡಿದಳು. ಹಿಂದೆ ಸಾಲಿನಲ್ಲಿದ್ದವರು ಕೆಮ್ಮುವವರೆಗೂ ನೋಡುತ್ತಲೇ ಇದ್ದಳು.

"ಯಾವುದೂ ಇಲ್ಲ ಮಗು. ನಾನು ಮಿಸ್ ಓರಾ ಜೊತೆ," ಎಂದು ಪಕ್ಕದಲ್ಲಿದ್ದ ನನ್ನ ಕೈ ಹಿಡಿದುಕೊಂಡಳು.

ಗೋಡೆಯ ಪಕ್ಕದ ಮೇಜಿಗೆ ನಡೆದೆವು. ಕುರ್ಚಿಯನ್ನು ಸ್ವಲ್ಪ ಓರೆಮಾಡಿ ಹಾಕಿಕೊಂಡು ಕೂತಳು, ನಡುವಿನ ಮೇಜು ಕಾಣುವ ಹಾಗೆ.