ಗಂಟಿಲ್ಲದ ಸುರುಳಿ

ತುರ್ಭೆಯ ಶೆಡ್ಡಿನಲ್ಲಿ, ಒಳಗೇ ಮಲಗಿ ಊರೂರು ತಿರುಗುವ ಕ್ಯಾರವಾನ್ ಗಾಡಿಗಳಿಗೆ ವೈರಿಂಗ್ ಮಾಡುವ ಲೀಲಾಧರನಿಗೆ ಹುಟ್ಟಿದಾಗಿನಿಂದ ಕೆಂಪು, ಹಸಿರು, ಹಳದಿ ಎಲ್ಲ ಒಂದೇ ಥರ ಕಾಣುತ್ತಿದ್ದವು. ಹೆಂಡತಿ ಜಯಲತಾಳ ಹೊರತು ಇನ್ನೊಬ್ಬರಿಗೆ ಇದು ಗೊತ್ತಿರಲಿಲ್ಲ. ಬಣ್ಣ ತಿಳಿಯದವನ ಕೈಗೆ ವೈರು ಯಾರು ಕೊಡುತ್ತಾರೆ? ಹಾಗಾಗಿ ಪುಣ್ಯಾತ್ಮ ಬಾಯಿ ಬಿಡದೆಯೇ ತಲೆಗೂದಲು ನರೆಸಿಕೊಂಡಿದ್ದ.

ಉಪಾಯ ಜಯಲತಾಳದು. ಅಂಗಡಿಯಿಂದ ಸಾಮಾನು ತರುವವನು ಅವನೇ ಆದ್ದರಿಂದ ಎಲ್ಲವೂ ಮೊದಲು ಡೊಂಬಿವಿಲಿಯ ಮನೆಗೆ ಬರುತ್ತಿತ್ತು. ಹೂ ಕಟ್ಟುವ ನೂಲಿನಲ್ಲಿ ಅವಳು ಕೆಂಪು ಸುರುಳಿಗೆ ಒಂದು ಗಂಟು, ಹಸಿರಿಗೆ ಎರಡು ಹಾಕುತ್ತಿದ್ದಳು. ಹಳದಿಗೆ ಗಂಟಿಲ್ಲ. "ಒಂದಕ್ಕಾದ್ರೂ ಗಂಟು ಹಾಕದ ಉದಾಸೀನ ನನಗೂ ಇರ್ಲಿ" ಎಂದು ನಗುತ್ತಿದ್ದಳು. ಅವನಾದರೋ ಪ್ರತಿ ವೈರನ್ನೂ ಟೆಸ್ಟರ್ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದ. ಒಂದು ಗಾಡಿಯೂ ಕೆಟ್ಟು ವಾಪಸ್ ಬಂದಿರಲಿಲ್ಲ.

ಆ ದಿನ ಒಬ್ಬ ಗಿರಾಕಿಗೆ ಕ್ಯಾರವಾನಿನ ಪಕ್ಕಕ್ಕೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರಕ್ಕೆ ಹಳದಿ ಎಲ್‌ಇಡಿ ಪಟ್ಟಿ ಬೇಕಿತ್ತು. ಹಳದಿಗೆ ಹುಳ ಮುತ್ತುವುದಿಲ್ಲವಂತೆ. ಕಪಾಟಿನಲ್ಲಿ ಗಂಟಿಲ್ಲದ ಸುರುಳಿ ಇತ್ತು. ಲೀಲಾಧರ ಖುಷಿಯಿಂದಲೇ ಚಪ್ಪರದ ಅಂಚು ಒರೆಸಿ, ಪಟ್ಟಿ ಅಂಟಿಸಿ, ಸುತ್ತುವಾಗ ಸಿಕ್ಕಿಕೊಳ್ಳದಂತೆ ಕ್ಲಿಪ್ಪು ಹಾಕಿದ. ಆ ಸುರುಳಿಯನ್ನು ಹಿಂದಿನ ದಿನ ಹರೆಯದ ಮಾಲೀಕ ರಂಜನ್ ಬೇರೆ ಗಾಡಿಗೆಂದು ತಾನೇ ತಂದಿಟ್ಟಿದ್ದ, ಅದು ಜಯಲತಾಳ ಕೈ ದಾಟಿ ಬಂದದ್ದಲ್ಲ ಎಂಬುದು ಲೀಲಾಧರನಿಗೆ ತಿಳಿದಿರಲಿಲ್ಲ.

ಸಂಜೆ ರಂಜನ್ ಬಂದು ಸ್ವಿಚ್ ಒತ್ತಿದ.

"ಲೀಲಣ್ಣ, ಹಳದಿ ಹೇಳಿದ್ದಲ್ವಾ?"

"ಹಳದಿಯೇ ಉಂಟಲ್ಲ."

ತಮಾಷೆ ಎಂದುಕೊಂಡು ರಂಜನ್ ನಕ್ಕ. ಲೀಲಾಧರ ನಗಲಿಲ್ಲ. ಹಸಿರು ಬೆಳಕಿನಲ್ಲಿ ರಂಜನ್ ಅವನ ಮುಖವನ್ನೇ ನೋಡಿದ. ಆಮೇಲೆ ಬೆಂಚಿನ ಮೇಲಿದ್ದ ವೈರಿನ ತುಂಡೊಂದನ್ನು ಎತ್ತಿ ಹಿಡಿದ. "ಇದೆಂತ ಬಣ್ಣ?"

ಗಂಟಿಗಾಗಿ ಲೀಲಾಧರನ ಬೆರಳು ತಾನಾಗಿ ಮುಂದೆ ಹೋಯಿತು. ಗಂಟಿರಲಿಲ್ಲ. ಅವನು ಕೈ ಹಿಂದೆ ತೆಗೆದುಕೊಂಡ.

"ಒಂದು ಗಾಡಿಯಾದ್ರೂ ಕೆಟ್ಟಿದೆಯಾ, ರಂಜನ್?"

"ಕೆಟ್ಟಿಲ್ಲ. ಆದ್ರೆ ಒಳಗೆ ಜನ ಮಲಗ್ತಾರೆ, ಅಣ್ಣ. ನಾಳೆಯಿಂದ ನೀವು ವೈರ್ ಮುಟ್ಟೋದು ಬೇಡ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹುಡುಗ ಹೇಳಿದ್ದು ಸರಿಯೇ ಇತ್ತು. ಲೀಲಾಧರ ಟೆಸ್ಟರನ್ನು ಬೆಂಚಿನ ಮೇಲಿಟ್ಟು ಹೊರಟ.

ಮನೆಯಲ್ಲಿ ಜಯಲತಾ ಕನ್ನಡಕ ಹಾಕಿಕೊಂಡು, ನೂಲಿನ ಉಂಡೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನ ಬರಿಗೈ ನೋಡಿ ಕೇಳಿದಳು:

"ಎಂತ, ಇವತ್ತು ಸಾಮಾನು ತರ್ಲಿಲ್ವಾ?"

ಅವನು ಚಪ್ಪಲಿ ಬಿಚ್ಚುತ್ತ "ನಾಳೆ" ಎಂದ.

ಹಾಗಾದರೆ ನಾಳೆ ಗಂಟು ಹಾಕಲು ಸುಲಭವಾಗಲಿ ಎಂದು ಅವಳು ನೂಲನ್ನು ಗೇಣುದ್ದ ಕತ್ತರಿಸಿ ಇಡತೊಡಗಿದಳು.