ಬೊಗಸೆಗೆ ಹೊಯ್ದ ನೀರು

ನಾರಾಯಣಖೇಡದ ತಾಲೂಕು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ತಾಂಡೂರ ಬಂಡೆ ಹಾಸಿದ ವರಾಂಡದಲ್ಲಿ ನೀರಿನ ಗಡಿಗೆ, ಅದರ ಮೇಲೊಂದು ಹಿತ್ತಾಳೆ ಗ್ಲಾಸು. ಆ ಗ್ಲಾಸು ಎಲ್ಲರ ತುಟಿಗೂ ತಾಗುತ್ತಿತ್ತು, ನನ್ನ ತುಟಿಗೆ ಮಾತ್ರ ಇಲ್ಲ. ಊರ ಹೊರಗಿನ ಕೇರಿಯವನೆಂದು ಚಪರಾಸಿ ನನಗೆ ಮೇಲಿಂದ ಹೊಯ್ಯುತ್ತಿದ್ದ, ನಾನು ಬೊಗಸೆಯೊಡ್ಡಿ ಕುಡಿಯುತ್ತಿದ್ದೆ. ಅರ್ಧ ಗಂಟಲಿಗೆ, ಅರ್ಧ ಮೊಣಕೈಯಿಂದ ನೆಲಕ್ಕೆ.

ಒಂದು ಬೇಸಿಗೆ, ಸರ್ಕಾರಿ ಕಚೇರಿಗಳಲ್ಲಿ ನೀರು ಉಳಿಸಬೇಕೆಂದು ಹುಕುಂ ಬಂತು. ನಮ್ಮ ಸಾಹೇಬರು ವರಾಂಡಕ್ಕೆ ಬಂದು ನನ್ನ ಕಾಲಬುಡದ ಒದ್ದೆ ನೋಡಿದರು.

"ಎಷ್ಟ್ ನೀರು ಚೆಲ್ತೀಯೋ! ನಿಮ್ಮ ಮಂದಿಗಿ ನೀರಿನ ಕದರ್, ಕಿಮ್ಮತ್ತು ಗೊತ್ತಿಲ್ಲ ನೋಡು."

"ಗ್ಲಾಸ್ ಕೊಟ್ರ ಒಂದ್ ಹನಿನೂ ಚೆಲ್ಲಂಗಿಲ್ರಿ ಸಾಬ್," ಅಂದೆ.

ಅವರು ಕೇಳಿಸದವರಂತೆ ಒಳಗೆ ಹೋದರು. ಮರುದಿನದಿಂದ ಚಪರಾಸಿ ನನಗೆ ನೀರು ಹೊಯ್ಯುವುದನ್ನೇ ಬಿಟ್ಟ. ನಾನು ಮನೆಯಿಂದ ಬಾಟಲಿ ತರತೊಡಗಿದೆ.

ಜಿಲ್ಲೆಯ ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗ ವರಾಂಡ ಒಣಗಿ ಬೆಳ್ಳಗಿತ್ತು. ನನ್ನ ಪಾಲಿನ ನೀರು ತಪ್ಪಿಸಿ ಉಳಿಸಿದ್ದಕ್ಕೆ ನಮ್ಮ ಸಾಹೇಬರಿಗೆ ಶಹಬ್ಬಾಸ್ ಸಿಕ್ಕಿತು. ಆಮೇಲೆ ದೊಡ್ಡವರು ಗ್ಲಾಸಿನ ತುಂಬ ನೀರು ತರಿಸಿ, ಎರಡು ಗುಟುಕು ಕುಡಿದು, ಉಳಿದದ್ದನ್ನು ನಾನು ಬೊಗಸೆಯೊಡ್ಡುತ್ತಿದ್ದ ಜಾಗಕ್ಕೇ ಚೆಲ್ಲಿದರು.