ದಿಬ್ಬದ ಮೇಲಿನ ಕಾಬಾಳೆ ಸಾಲು

ಈ ವರ್ಷ ಬಂಗಾರಪೇಟೆಯಲ್ಲಿ ಮಳೆ ಬಿಡಲೇ ಇಲ್ಲ. ಹೋದ ವಾರ ಹಿತ್ತಲಲ್ಲಿ ಗುದ್ದಲಿ ಹಾಕಿದಾಗ ಕಚ್ಚಿಕೊಂಡು ಬಂದ ಜೇಡಿಮಣ್ಣಿನಿಂದ ತಣ್ಣನೆಯ ವಾಸನೆ ಎದ್ದಿತು. ನಾನು ಚಿಕ್ಕವಳಿದ್ದಾಗ ಉರಿಗಾಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆಯ ಕೈಗಳಿಗೆ ಸದಾ ಇದೇ ವಾಸನೆ...

ಸಂಬಂಧದಲ್ಲಿ ಅತ್ತೆಯಲ್ಲ. ಅಪ್ಪನನ್ನು ಅಣ್ಣ ಎನ್ನುತ್ತಿದ್ದರು, ಹಾಗಾಗಿ ನಮಗೆ ಅತ್ತೆ. ಎರಡು ಹಸು ಕಟ್ಟಿಕೊಂಡು ಹಾಲು ಹಾಕುತ್ತಿದ್ದರು. ನಮ್ಮ ಹಿತ್ತಲಲ್ಲಿ ಬಚ್ಚಲ ನೀರು, ಮಳೆ ನೀರು ಎರಡೂ ನಿಂತು ಮಣ್ಣು ಅಂಟಂಟಾಗಿರುತ್ತಿತ್ತು. ಅಮ್ಮ ನೆಟ್ಟ ಗುಲಾಬಿ, ಮಲ್ಲಿಗೆ ಎಲ್ಲ ಬೇರು ಕೊಳೆತು ಸತ್ತವು. ಅದನ್ನು ನೋಡಿ ಅತ್ತೆ ತಮ್ಮ ಊರಿನ ಕಾಲುವೆ ಬದಿಯಿಂದ ಕಾಬಾಳೆ ಗೆಡ್ಡೆ ತಂದರು. ಬಾಳೆಯಂಥ ಅಗಲ ಎಲೆ, ಕೆಂಪು ಹೂವಿನ ಗಿಡ.

“ಆಳಕ್ಕಾಕಬ್ಯಾಡ ಕಣೇ, ಕೊಳ್ತೋಯ್ತದೆ. ಮೇಲ್ಮೇಲೆ ಮಲಗಿಸಿ ಮಣ್ಣು ಮುಚ್ಚು,” ಎಂದು ನನ್ನ ಕೈಯಲ್ಲೇ ನೆಡಿಸಿದರು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಿತ್ತಲು ತುಂಬಿ ಬಚ್ಚಲ ಗೋಡೆಯ ಬುಡಕ್ಕೆ ಬಂತು. ಅಪ್ಪನಿಗೆ ಗೋಡೆ ಬಿರಿಯುವ ಭಯ. ಒಂದು ಭಾನುವಾರ ಯಾರನ್ನೂ ಕೇಳದೆ ಎಲ್ಲ ಅಗೆದು, ಮನೆಯ ಹಿಂದಿನ ಮಣ್ಣಿನ ದಿಬ್ಬದ ಕಡೆ ಎಸೆದರು. ಅತ್ತೆ ಬೇಲಿಯಾಚೆ ನಿಂತು ನೋಡಿ ಒಳಗೆ ಹೋದರು. ಆಮೇಲೆ ಎರಡು ಮನೆಗಳ ನಡುವೆ ಮಾತು ನಿಂತಿತು. ಹಾಲು ಮಾತ್ರ ದಿನಾ ಬರುತ್ತಿತ್ತು; ಕಟ್ಟೆಯ ಮೇಲೆ ಚೊಂಬು ಇಟ್ಟು ಹೋಗಿಬಿಡುತ್ತಿದ್ದರು.

ಮರುವರ್ಷ ಕಾರ್ತಿಕದಲ್ಲಿ ಐದು ದಿನ ಜಡಿಮಳೆ. ಅಮ್ಮ ಬಾಣಂತಿ; ತಂಗಿ ಹುಟ್ಟಿ ಹನ್ನೊಂದು ದಿನವಾಗಿತ್ತು. ಇಬ್ಬರೂ ಮಲಗಿದ್ದದ್ದು ದಿಬ್ಬಕ್ಕೆ ಹತ್ತಿರವಿದ್ದ ಹಿಂದಿನ ಕೋಣೆಯಲ್ಲಿ. ಬೆಳಿಗ್ಗೆ ದೊಡ್ಡ ಸದ್ದಾಯಿತು. ಅಪ್ಪ ಹಿತ್ತಲಿಗೆ ಓಡಿದರು, ನಾನೂ ಹಿಂದೆಯೇ. ದಿಬ್ಬ ಆಚೆ ಪಕ್ಕಕ್ಕೆ ಕುಸಿದು, ಅಲ್ಲಿ ಖಾಲಿ ಬಿದ್ದಿದ್ದ ಮನೆಯ ಹಿಂಗೋಡೆಯನ್ನು ಕೆಡವಿತ್ತು. ನಮ್ಮ ಕೋಣೆಯ ಹಿಂದೆ ಮಾತ್ರ ಮಣ್ಣು ಹಾಗೇ ನಿಂತಿತ್ತು. ಕಾಬಾಳೆಯ ಗೆಡ್ಡೆ, ಬೇರು ಹೆಣೆದುಕೊಂಡು ಅದನ್ನು ಹಿಡಿದಿದ್ದವು. ಒಳಗೆ ತಂಗಿ ಅಳುತ್ತಿದ್ದಳು. ಆ ಅಳು ಕೇಳಿ ಅಪ್ಪ ಕೆಸರಿನಲ್ಲೇ ಕುಳಿತುಬಿಟ್ಟರು.

ಗಿಡಗಳತ್ತ ಬೆರಳು ತೋರಿಸಿ, “ಎಸೆದ ಗೆಡ್ಡೆ ಇಂಗೆ ಸಾಲಾಗಿ ಉಟ್ತದೇನೇ?” ಎಂದರು. ನಿಜ, ಮೊಳಕ್ಕೊಂದರಂತೆ ಮೂರು ಸಾಲು. ಯಾರೋ ಕೂತು ನೆಟ್ಟದ್ದು.

ಅಪ್ಪ ಅದೇ ಕೆಸರುಗಾಲಲ್ಲಿ ಅತ್ತೆಯ ಬಾಗಿಲಿಗೆ ಹೋದರು. “ಅವತ್ತು ಕಿತ್ತಾಕಿದ್ದು ತಪ್ಪಾಯ್ತಮ್ಮ.”

ಅತ್ತೆ ಸಗಣಿ ಕೈ ಒರೆಸಿಕೊಂಡರು. “ಜೀವ ಇರೋದ್ನ ಬಿಸಾಕಕ್ಕೆ ಮನಸು ಬರ್ನಿಲ್ಲಣ್ಣ, ಅಲ್ಲೇ ನೆಟ್ಬುಟ್ಟೆ. ಗೋಡೆತಾವ ಬ್ಯಾಡ ಅಂದಿದ್ದು ನೀ ಸರೀನೇ. ಮೊದ್ಲು ಬಾಣಂತೀನ ಇಲ್ಲಿಗೆ ಕರ್ಕೊಂಡ್ ಬಾ.”

ಮಳೆ ನಿಲ್ಲುವವರೆಗೆ ಅಮ್ಮ, ತಂಗಿ ಅವರ ಮನೆಯಲ್ಲೇ ಇದ್ದರು.

ಅತ್ತೆ ಹೋಗಿ ಈಗ ಮೂರು ವರ್ಷ... ತಮ್ಮ ಊರಿನಲ್ಲಿ ತೀರಿಕೊಂಡರು, ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೆಗೊಮ್ಮೆ ಮುಖ ನೋಡಲಿಲ್ಲ ಎಂದು ಅಪ್ಪ ಈಗಲೂ ಕೊರಗುತ್ತಾರೆ. ನಾನು ಮಾತ್ರ, ಆ ಬೆಳಿಗ್ಗೆ ಅಪ್ಪ ಕಾಲು ತೊಳೆಯಲೂ ನಿಲ್ಲದೆ ಹೋಗಿ ಹೇಳಬೇಕಾದ್ದನ್ನು ಹೇಳಿದರಲ್ಲ ಎಂದು ನೆನೆದು ಹಗುರಾಗುತ್ತೇನೆ.